ಪ್ರಶ್ನೆ ಮೊದಲು, ಪಿಎಚ್‌ಡಿ ಆಮೇಲೆ

ಆರೋಗ್ಯ ನಿರ್ವಹಣೆಯಲ್ಲಿ ಪಿಎಚ್‌ಡಿ ಮಾಡಹೊರಟವರಲ್ಲಿ ಹೆಚ್ಚಿನವರು ಮೊದಲು ವಿಶ್ವವಿದ್ಯಾಲಯದ ಹೆಸರು ನೋಡುತ್ತಾರೆ, ಆಮೇಲೆ ಶುಲ್ಕ ವಿಚಾರಿಸುತ್ತಾರೆ, ವಿಷಯವನ್ನು ಹುಡುಕುವುದು ಕೊನೆಗೆ. ಈ ಕ್ರಮ ತಿರುಗುಮುರುಗಾಗಬೇಕು. ಎಚ್.ಡಿ. ಕೋಟೆಯ ಉದಾಹರಣೆಯನ್ನೇ ನೋಡಿ. ಮೈಸೂರು ವೈದ್ಯಕೀಯ ಕಾಲೇಜಿನ ವಿದ್ಯಾರ್ಥಿಗಳು 1984ರಲ್ಲಿ ಕಟ್ಟಿದ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ಇಲ್ಲಿನ ಕಾಡಂಚಿನ ಹಾಡಿಗಳಲ್ಲಿ ಕೆಲಸಕ್ಕಿಳಿಯಿತು. ಅದು ಕೆಂಚನಹಳ್ಳಿ ಮತ್ತು ಸರಗೂರಿನ ಆಸ್ಪತ್ರೆಗಳಾಗಿ ಬೆಳೆಯಿತು. ಸಂಸ್ಥಾಪಕ ಡಾ. ಆರ್. ಬಾಲಸುಬ್ರಹ್ಮಣ್ಯಂ ಅವರು ಪಿಲಾನಿಯ ಬಿಟ್ಸ್‌ನಲ್ಲಿ ಆಸ್ಪತ್ರೆ ಆಡಳಿತವನ್ನೂ ಹಾರ್ವರ್ಡ್‌ನಲ್ಲಿ ಸಾರ್ವಜನಿಕ ಆಡಳಿತವನ್ನೂ ಓದಿದ್ದು ಆನಂತರ. ಕೆಲಸ ಪ್ರಶ್ನೆ ಹುಟ್ಟಿಸಿತು, ಪ್ರಶ್ನೆ ಓದಿಗೆ ದಾರಿ ಮಾಡಿತು.

ಅಂಥ ಪ್ರಶ್ನೆಗಳಿಗೆ ಈ ಸೀಮೆಯಲ್ಲಿ ಬರವಿಲ್ಲ. ಬಯಲು ಸೀಮೆಯಲ್ಲಿ 30,000 ಜನರಿಗೆ, ಗುಡ್ಡಗಾಡು ಮತ್ತು ಬುಡಕಟ್ಟು ಪ್ರದೇಶದಲ್ಲಿ 20,000 ಜನರಿಗೆ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರ ಎಂಬುದು ಸರ್ಕಾರಿ ಮಾನದಂಡ. ಅದು ತಲೆ ಎಣಿಸುತ್ತದೆ. ಜೇನುಕುರುಬರ ಹಾಡಿಯಿಂದ ಕೇಂದ್ರಕ್ಕಿರುವ ದೂರವನ್ನಾಗಲಿ, ಆಸ್ಪತ್ರೆಗೆ ಹೋದ ದಿನ ತಪ್ಪುವ ಕೂಲಿಯನ್ನಾಗಲಿ ಎಣಿಸುವುದಿಲ್ಲ. ಹುಣಸೂರು, ಪಿರಿಯಾಪಟ್ಟಣಗಳಲ್ಲಿ ಹೊಗೆಸೊಪ್ಪು ಕೊಯ್ದು ಬ್ಯಾರನ್‌ನಲ್ಲಿ ಹದಮಾಡುವ ತಿಂಗಳುಗಳಲ್ಲಿ ಆಸ್ಪತ್ರೆಯ ವೇಳಾಪಟ್ಟಿ ದುಡಿಯುವವರಿಗೆ ಒಗ್ಗುತ್ತದೆಯೇ? ಕೆ.ಆರ್. ನಗರದಿಂದ ಮೈಸೂರಿನ ಕೆ.ಆರ್. ಆಸ್ಪತ್ರೆಗೆ ಕಳಿಸುವ ರೋಗಿಗಳಲ್ಲಿ ಎಷ್ಟು ಮಂದಿಗೆ ತಾಲ್ಲೂಕಿನಲ್ಲೇ ಚಿಕಿತ್ಸೆ ಸಾಧ್ಯವಿತ್ತು? ಇವಕ್ಕೆ ಉತ್ತರ ಔಷಧದಲ್ಲಿಲ್ಲ. ಸಿಬ್ಬಂದಿ, ವಾಹನ, ಹಣ, ಸಮಯಗಳ ಹೊಂದಾಣಿಕೆಯಲ್ಲಿದೆ. ಆರೋಗ್ಯ ನಿರ್ವಹಣೆ ಎಂದರೆ ಇದೇ.

ಪ್ರಶ್ನೆ ಗಟ್ಟಿಯಾದರೆ ಆಯ್ಕೆ ಅರ್ಧ ಮುಗಿದಂತೆ. ರೆಫರಲ್ ಬಗ್ಗೆ ಕೇಳುವವರಿಗೆ ಅಂಕಿಅಂಶ ಬಲ್ಲ ಸಾರ್ವಜನಿಕ ಆರೋಗ್ಯ ವಿಭಾಗ ಬೇಕು. ಕೂಲಿ ಮತ್ತು ಖರ್ಚಿನ ಬಗ್ಗೆ ಕೇಳುವವರಿಗೆ ಅರ್ಥಶಾಸ್ತ್ರ ಬಲ್ಲ ಮಾರ್ಗದರ್ಶಕರು ಬೇಕು. ಆ ಮಾರ್ಗದರ್ಶಕರ ಕೈಕೆಳಗೆ ಎಷ್ಟು ವಿದ್ಯಾರ್ಥಿಗಳಿದ್ದಾರೆ, ಅವರ ನಿವೃತ್ತಿ ಯಾವಾಗ ಎಂದು ವಿಚಾರಿಸುವುದರಲ್ಲಿ ಸಂಕೋಚ ಬೇಡ. ಯುಜಿಸಿಯ 2022ರ ನಿಯಮದಂತೆ ಪ್ರಾಧ್ಯಾಪಕರೊಬ್ಬರು ಒಮ್ಮೆಗೆ ಎಂಟಕ್ಕಿಂತ ಹೆಚ್ಚು ಸಂಶೋಧಕರನ್ನು ತೆಗೆದುಕೊಳ್ಳುವಂತಿಲ್ಲ. ನಿವೃತ್ತಿಗೆ ಮೂರು ವರ್ಷ ಉಳಿದಿಲ್ಲದವರು ಹೊಸಬರನ್ನು ಸೇರಿಸಿಕೊಳ್ಳುವಂತಿಲ್ಲ.

ನೌಕರಿಯಲ್ಲಿರುವವರಿಗೆ ಇಷ್ಟೆಲ್ಲ ಪುರಸೊತ್ತೆಲ್ಲಿ, ಆನ್‌ಲೈನ್ ಪದವಿ ಸಾಲದೇ ಎಂಬ ಆಕ್ಷೇಪ ಬರಬಹುದು. ಅದೇ ನಿಯಮ ದೂರಶಿಕ್ಷಣ ಮತ್ತು ಆನ್‌ಲೈನ್ ಪಿಎಚ್‌ಡಿಯನ್ನು ನಿಷೇಧಿಸಿದೆ, ಕೋರ್ಸ್‌ವರ್ಕ್ ಸೇರಿ ಕನಿಷ್ಠ ಮೂರು ವರ್ಷದ ಅವಧಿ ಗೊತ್ತುಮಾಡಿದೆ. ಆದರೆ ಕೆಲಸ ಕೊಟ್ಟ ಸಂಸ್ಥೆಯ ನಿರಾಕ್ಷೇಪಣಾ ಪತ್ರ ತಂದವರಿಗೆ ಅರೆಕಾಲಿಕ ಅಧ್ಯಯನದ ಬಾಗಿಲು ತೆರೆದಿದೆ. ತಾಲ್ಲೂಕು ಆಸ್ಪತ್ರೆಯಲ್ಲಿ ದುಡಿಯುವವರಿಗೆ ಇದು ಅನುಕೂಲವೇ. ಅವರ ಪ್ರಶ್ನೆ ಅವರ ಕಣ್ಣೆದುರಿಗೇ ಇರುತ್ತದೆ. ಇನ್ನು, ನಾಲ್ಕು ತಾಲ್ಲೂಕಿನ ವಿಷಯ ತೀರಾ ಚಿಕ್ಕದಲ್ಲವೇ ಎನ್ನುವವರಿದ್ದಾರೆ. ಕ್ಷೇತ್ರ ಚಿಕ್ಕದಾದರೂ ಸಮಸ್ಯೆ ಚಿಕ್ಕದಲ್ಲ: ಕಾಡಂಚಿನ ಜನರಿಗೆ ಸೇವೆ ತಲುಪಿಸುವ ಕಷ್ಟ ವಯನಾಡಿನಲ್ಲೂ ನೀಲಗಿರಿಯಲ್ಲೂ ಇದೆ.

ಆಸ್ಪತ್ರೆಯ ಆಡಳಿತ ಹುದ್ದೆಯಷ್ಟೇ ಗುರಿಯಾಗಿದ್ದರೆ ಸ್ನಾತಕೋತ್ತರ ಪದವಿಯೇ ಸಾಕು. ಅದಕ್ಕಾಗಿ ವರ್ಷಗಳನ್ನು ಸವೆಸಬೇಕಿಲ್ಲ. ಸಂಶೋಧನೆಯೇ ಬೇಕೆನ್ನುವವರು ಅರ್ಜಿ ತುಂಬುವ ಮೊದಲು ತಮ್ಮ ಪ್ರಶ್ನೆಯನ್ನು ಒಂದೇ ವಾಕ್ಯದಲ್ಲಿ ಬರೆದು ಊರಿನ ಆಶಾ ಕಾರ್ಯಕರ್ತೆಗೆ ಓದಿ ಹೇಳಲಿ. ಅವರಿಗೆ ಅದು ಕೆಲಸಕ್ಕೆ ಬರುವ ಪ್ರಶ್ನೆ ಎನಿಸಿದರೆ ವಿಶ್ವವಿದ್ಯಾಲಯ ಹುಡುಕಲು ಹೊರಡಬಹುದು.