ಖಾಲಿ ತೋಟಾ ಯಾಕೆ ಸಿಕ್ಕಿಕೊಳ್ಳುತ್ತದೆ?



ನಮ್ಮ ವಯನಾಡಿನ ತೋಲ್ಪೆಟ್ಟಿ ದಾಟಿದರೆ ಕುಟ್ಟ, ಅಲ್ಲಿಂದ ಕೊಡಗು ಶುರು. ಸೆಪ್ಟೆಂಬರಿನ ಕೈಲ್‌ಪೊಳ್ದ್ ಹಬ್ಬದಲ್ಲಿ ಅಲ್ಲಿ ಕೋವಿಗೆ ಪೂಜೆ, ಆಮೇಲೆ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ. ಹಬ್ಬಕ್ಕೆ ನೆಂಟರ ಮನೆಗೆ ಹೋಗಿದ್ದ ಒಂಬತ್ತನೇ ತರಗತಿಯ ಹುಡುಗನೊಬ್ಬ ಬಂದು ಕೇಳಿದ: "ಸಾರ್, ಒಬ್ರು ಹೊಡೆದ ಮೇಲೆ ರೈಫಲ್‌ನಿಂದ ಖಾಲಿ ತೋಟಾ ಹೊರಗೆ ಬರಲೇ ಇಲ್ಲ. ಬೋಲ್ಟ್ ಎತ್ತೋಕೆ ಒದ್ದಾಡಿದ್ರು. ಹಿರಿಯರೊಬ್ರು 'ಸಾಕು, ನಿಲ್ಸು' ಅಂದ್ರು. ಯಾಕೆ?"

ಆ ಹಿರಿಯರು ಹೇಳಿದ್ದು ಸರಿ. ಕಾರಣ ನಿಮ್ಮ ಭೌತಶಾಸ್ತ್ರದ ಪಾಠದಲ್ಲೇ ಇದೆ.

ಒಳಗೆ ನಡೆಯುವುದೇನು?

ಮದ್ದು ಉರಿದಾಗ ಬಿಸಿ ಅನಿಲ ಹುಟ್ಟುತ್ತದೆ. ಮನೆಯ ಕುಕ್ಕರ್ ಸೀಟಿ ಹೊಡೆಯುವಾಗ ಒಳಗಿನ ಒತ್ತಡ ಹೊರಗಿನ ಗಾಳಿಯ ಒತ್ತಡದ ಸುಮಾರು 2 ಪಟ್ಟು. ಸಣ್ಣ .22 ತೋಟಾದಲ್ಲಿ ಅದು 1,600 ಪಟ್ಟು ದಾಟಬಹುದು. ದೂರದ ಗುರಿಗೆ ಬಳಸುವ .308 ತೋಟಾದಲ್ಲಿ 4,000 ಪಟ್ಟಿಗೂ ಹೆಚ್ಚು!

ತೋಟಾದ ಕೊಳವೆ ಹಿತ್ತಾಳೆಯದು, ಅಂದರೆ ಸುಮಾರು 70 ಭಾಗ ತಾಮ್ರ, 30 ಭಾಗ ಸತು. ಒತ್ತಡಕ್ಕೆ ಅದು ಉಬ್ಬಿ, ತಾನು ಕೂತಿರುವ ಉಕ್ಕಿನ ಚೇಂಬರಿನ ಗೋಡೆಗೆ ಒತ್ತಿ ನಿಲ್ಲುತ್ತದೆ. ಹಾಗಾಗಿ ಅನಿಲ ಹಿಂದಕ್ಕೆ ಸೋರುವುದಿಲ್ಲ. ಆ ಕ್ಷಣ ಉಕ್ಕೂ ಕೂದಲೆಳೆಯಷ್ಟು ಹಿಗ್ಗುತ್ತದೆ. ಗುಂಡು ಹೊರಬಿದ್ದು ಒತ್ತಡ ಇಳಿದಾಗ ಎರಡೂ ಕುಗ್ಗುತ್ತವೆ. ಹಿತ್ತಾಳೆ ತುಸು ಹೆಚ್ಚು ಕುಗ್ಗಿ ಸಡಿಲವಾಗುತ್ತದೆ. ಆಗ ಬೋಲ್ಟಿನಲ್ಲಿರುವ ಸಣ್ಣ ಕೊಕ್ಕೆ ಅದನ್ನು ಸುಲಭವಾಗಿ ಎಳೆದು ಹಾಕುತ್ತದೆ.

ಒತ್ತಡ ಮಿತಿ ಮೀರಿದರೆ? ಉಕ್ಕು ಹೆಚ್ಚು ಹಿಗ್ಗುತ್ತದೆ. ಹಿತ್ತಾಳೆಯೂ ಅದರ ಹಿಂದೆಯೇ ಹಿಗ್ಗಿ, ಸ್ಥಿತಿಸ್ಥಾಪಕತೆಯ ಮಿತಿ ದಾಟಿ ಅಲ್ಲೇ ಉಳಿದುಬಿಡುತ್ತದೆ. ಉಕ್ಕು ಮಾತ್ರ ಹಳೆಯ ಅಳತೆಗೆ ಮರಳಿ, ಹಿತ್ತಾಳೆಯನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ. ಬೋಲ್ಟ್ ಬಿಗಿಯಾಗುವುದು ಇದಕ್ಕೇ.

ಗುರುತುಗಳನ್ನು ಓದುವುದು

ದೊಡ್ಡ ತೋಟಾದ ತಳದ ನಡುವೆ ಕಿಡಿ ಹೊತ್ತಿಸುವ ಪ್ರೈಮರ್ ಎಂಬ ಪುಟ್ಟ ಬಟ್ಟಲಿರುತ್ತದೆ. ಅದರ ದುಂಡಗಿನ ಅಂಚು ಚಪ್ಪಟೆಯಾಗಿದ್ದರೆ, ತಳದಲ್ಲಿ ಬೋಲ್ಟಿನ ರಂಧ್ರದ ಹೊಳೆಯುವ ಅಚ್ಚು ಬಿದ್ದಿದ್ದರೆ, ಜೊತೆಗೆ ಬೋಲ್ಟೂ ಬಿಗಿಯಾಗಿದ್ದರೆ ಒತ್ತಡ ಹೆಚ್ಚಾಗಿದೆ ಎಂದು ಅನುಮಾನಿಸಬೇಕು. ಒಂದೇ ಗುರುತು ನೋಡಿ ತೀರ್ಮಾನಿಸಬಾರದು. ಜ್ವರ ಒಂದನ್ನೇ ನೋಡಿ ಡಾಕ್ಟರು ರೋಗದ ಹೆಸರು ಹೇಳುವುದಿಲ್ಲವಲ್ಲ, ಹಾಗೆ.

ಈ ಗುರುತುಗಳಿಲ್ಲದೆ ತೋಟಾ ಸಿಕ್ಕಿಕೊಂಡರೆ? ನಮ್ಮ ಮಳೆಗಾಲದ ತೇವಕ್ಕೆ ಚೇಂಬರ್ ತುಕ್ಕು ಹಿಡಿದಿರಬಹುದು, ಮಸಿ ಕಟ್ಟಿರಬಹುದು, ಕೊಕ್ಕೆ ಸವೆದಿರಬಹುದು. ತಿಳಿದವರು ಒಂದು ಸಲಕ್ಕೆ ಒಂದೇ ಸಂಗತಿ ಬದಲಿಸಿ ನೋಡುತ್ತಾರೆ. ಒಂದೇ ಡಬ್ಬಿಯ ತೋಟಾಗಳು ಮಾತ್ರ ಸಿಕ್ಕಿಕೊಂಡರೆ ಅನುಮಾನ ತೋಟಾದ ಮೇಲೆ. ಎಲ್ಲ ಡಬ್ಬಿಯವೂ ಸಿಕ್ಕಿಕೊಂಡರೆ ರೈಫಲ್ ಮೇಲೆ. ಬಿಸಿಲಲ್ಲಿ ಕಾದ ತೋಟಾದ ಮದ್ದು ಬೇಗ ಉರಿದು ಒತ್ತಡ ಏರಿಸಬಹುದು, ಅದನ್ನೂ ನೋಡಬೇಕು. ಪ್ರಯೋಗಾಲಯದಲ್ಲಿ ನಾವು ಮಾಡುವುದೂ ಇದನ್ನೇ.

ಬೋಲ್ಟನ್ನು ಬಡಿದು ತೆಗೆದು ಮತ್ತೊಂದು ಗುಂಡು ಹೊಡೆದರೆ ಆ ಎಚ್ಚರಿಕೆ ವ್ಯರ್ಥ. ಒತ್ತಡ ಇನ್ನೂ ಏರಿದರೆ ಹಿತ್ತಾಳೆ ಸೀಳಿ, ಬಿಸಿ ಅನಿಲ ಹೊಡೆಯುವವರ ಮುಖಕ್ಕೇ ನುಗ್ಗಬಹುದು. ಎನ್‌ಸಿಸಿಯಲ್ಲಿ .22 ಹೊಡೆಯುವವರು ನೆನಪಿಡಿ: ಬೋಲ್ಟ್ ಬಿಗಿಯಾದರೆ ನಳಿಕೆ ಗುರಿಯ ಕಡೆಗೇ ಇರಲಿ, ತರಬೇತುದಾರರನ್ನು ಕರೆಯಿರಿ. ಎಲ್ಲಾದರೂ ಬಿದ್ದಿರುವ ತೋಟಾ ಕಂಡರೆ ಮುಟ್ಟದೆ ದೊಡ್ಡವರಿಗೆ ತಿಳಿಸಿ.

ಮಾಡಿ ನೋಡಿ: ಹಳೆಯ ಬಾಲ್‌ಪೆನ್ನಿನ ಸ್ಪ್ರಿಂಗ್ ಅನ್ನು ಸ್ವಲ್ಪ ಎಳೆದು ಬಿಡಿ, ಉದ್ದ ಅಳೆಯಿರಿ. ಪ್ರತಿ ಸಲ ಇನ್ನಷ್ಟು ಎಳೆದು ಅಳೆಯಿರಿ. ಯಾವ ಹಂತದಲ್ಲಿ ಅದು ಹಳೆಯ ಉದ್ದಕ್ಕೆ ಮರಳಲಿಲ್ಲ? ಸಿಕ್ಕಿಕೊಂಡ ತೋಟಾದ ಕಥೆ ಅಲ್ಲೇ ಇದೆ.