ತೆಂಗಿನ ಹಲಗೆಗೆ ಏಕೆ ಇಷ್ಟೊಂದು ಸಿಬಿರು?

ಶೆಟ್ಟಿಕೆರೆ ಸೀಮೆಯಲ್ಲಿ ಹಳೆಯ ತೆಂಗಿನ ಮರ ಉರುಳಿದರೆ ಅದಕ್ಕೆ ಸಾಮಾನ್ಯವಾಗಿ ಎರಡೇ ಗತಿ. ಕಾಂಡ ಸೀಳಿಸಿ ಕೊಟ್ಟಿಗೆಗೆ ತೊಲೆ, ತೀರು ಮಾಡಿಕೊಳ್ಳುವುದು. ಇಲ್ಲವೇ ತುಂಡರಿಸಿ ಒಲೆಗೆ ಹಾಕುವುದು. ಮೇಜು, ಕಪಾಟಿನ ಮಾತು ಬಂದಾಗ ಮಾತ್ರ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಯ ತೋಟಗಾರರೂ ತೇಗ, ಹಲಸು, ಪ್ಲೈವುಡ್ ಹುಡುಕಿಕೊಂಡು ಹೋಗುತ್ತಾರೆ. ತೆಂಗಿನ ಹಲಗೆ ಕೊಯ್ದರೆ ಬರೀ ಸಿಬಿರು ಎಂಬ ದೂರು ಹಳೆಯದು.

ದೂರು ಸುಳ್ಳಲ್ಲ. ಆದರೆ ತಪ್ಪು ಮರದ್ದೋ, ಗರಗಸದ್ದೋ, ಹಿಡಿದ ಕೈಯದೋ? ಬಡಗಿ ಕೆಲಸ ಕಲಿಯಲು ಹೊರಟ ಮಗನಿಗೋ ಮಗಳಿಗೋ ಸಾವಿರಾರು ರೂಪಾಯಿ ಕೊಟ್ಟು ಯಂತ್ರ ತಂದುಕೊಟ್ಟು, ಮೊದಲ ಹಲಗೆಯೇ ಹರಕಲಾಗಿ ಬಂದಾಗ ‘ದುಡ್ಡು ನೀರಿಗೆ ಹೋಯಿತು’ ಎಂದು ಹಣೆ ಚಚ್ಚಿಕೊಳ್ಳುವ ಮೊದಲು ಈ ಪ್ರಶ್ನೆ ಕೇಳಿಕೊಳ್ಳುವುದು ಒಳ್ಳೆಯದು.

ಮೊದಲು ಮರದ ವಿಚಾರ. ತೇಗ, ಹಲಸು ವರ್ಷ ವರ್ಷವೂ ಸುತ್ತು ಸುತ್ತಾಗಿ ದಪ್ಪವಾಗುತ್ತವೆ. ಗಟ್ಟಿಯಾದ ಚೇಗು ಒಳಗಿರುತ್ತದೆ. ತೆಂಗು ಹುಲ್ಲು, ಬಿದಿರುಗಳಂತೆ ಏಕದಳ ಸಸ್ಯ. ಅದಕ್ಕೆ ವರ್ಷದ ಉಂಗುರವಿಲ್ಲ, ಕೊಂಬೆಯಿಲ್ಲ, ಆದ್ದರಿಂದ ಗಂಟೂ ಇಲ್ಲ. ಗಟ್ಟಿತನವೆಲ್ಲ ಹೊರಗೆ, ಮೆತುತನ ಒಳಗೆ. ಬುಡದ ಹೊರ ಅಂಚಿನ ಮರ ಘನ ಮೀಟರಿಗೆ 600 ಕಿಲೋಗ್ರಾಂ ಮೀರಿ ತೂಗಿದರೆ, ನಡುವಿನ ತಿರುಳು 400ಕ್ಕಿಂತ ಕಡಿಮೆ. ಕೊಯ್ದ ಹಲಗೆಯಲ್ಲಿ ಕಾಣುವ ಕಂದು ಚುಕ್ಕೆ, ಗೆರೆಗಳೇ ನಾರಿನ ಕಟ್ಟುಗಳು. ಅವುಗಳ ಸುತ್ತ ಇರುವುದು ಮೆತ್ತನೆಯ ಅಂಗಾಂಶ. ಮೊಂಡು ಹಲ್ಲು ಬಂದಾಗ ನಾರು ತುಂಡಾಗುವುದಿಲ್ಲ, ಕಿತ್ತು ಬರುತ್ತದೆ. ಮೆತ್ತನೆಯ ಭಾಗ ಜಜ್ಜಿಹೋಗುತ್ತದೆ. ಹಸಿ ಮರವಾದರಂತೂ ಹಲಗೆಯ ಮೇಲೆ ಉಣ್ಣೆ ಬೆಳೆದಂತೆ! ಸಾಲದೆಂಬಂತೆ ನಾರಿನ ಪಕ್ಕದಲ್ಲೇ ಸಿಲಿಕಾದ ಸಣ್ಣ ಕಣಗಳಿವೆ. ಮರಳಿನಲ್ಲಿರುವುದೂ ಅದೇ ವಸ್ತು. ಸಾಧಾರಣ ಉಕ್ಕಿನ ಹಲ್ಲು ಇದಕ್ಕೆ ಬೇಗ ಶರಣಾಗುತ್ತದೆ.

ಪರಿಹಾರ ಹಲ್ಲಿನ ತುದಿಗೆ ಟಂಗ್‌ಸ್ಟನ್ ಕಾರ್ಬೈಡ್ ಕೂರಿಸಿದ ಬ್ಲೇಡು. ಜರ್ಮನಿಯ ಕ್ರುಪ್ ಕಂಪನಿ 1926ರಲ್ಲಿ ಈ ಲೋಹವನ್ನು ‘ವಿಡಿಯಾ’ ಹೆಸರಿನಲ್ಲಿ ಮಾರುಕಟ್ಟೆಗೆ ತಂದಿತು. ‘ವಜ್ರದಂತೆ’ ಎನ್ನುವ ಜರ್ಮನ್ ಮಾತಿನ ಚುಟುಕು ರೂಪ ಅದು. ನಮ್ಮ ವರ್ಕ್‌ಶಾಪುಗಳಲ್ಲಿ ‘ವಿಡಿಯಾ ಬಿಟ್’ ಎನ್ನುವ ಮಾತು ಬಂದದ್ದು ಇಲ್ಲಿಂದಲೇ. ಬೆಂಗಳೂರಿನ ತುಮಕೂರು ರಸ್ತೆಯಲ್ಲಿದ್ದ ವಿಡಿಯಾ ಇಂಡಿಯಾ ಕಾರ್ಖಾನೆ ಈಗ ಕೆನ್ನಾಮೆಟಲ್ ಇಂಡಿಯಾ.

ಇನ್ನು ಯಂತ್ರ. ‘ಟ್ರ್ಯಾಕ್ ಸಾ’ ಎಂದರೆ ಅಲ್ಯೂಮಿನಿಯಂ ಹಳಿಯ ಮೇಲೆ ಜಾರುವ ಚಕ್ರ ಗರಗಸ. ಅದು ಕೊಯ್ಯುವ ಆಳ ಐದು ಸೆಂಟಿಮೀಟರಿನ ಆಸುಪಾಸು. ಇಡೀ ಕಾಂಡ ಸೀಳುವುದು ಅದರ ಕೆಲಸವಲ್ಲ, ಅದಕ್ಕೆ ಸಾಮಿಲ್ಲೇ ಆಗಬೇಕು. ಸಾಮಿಲ್ಲಿನಿಂದ ಸೊಟ್ಟ ಅಂಚಿನೊಂದಿಗೆ ಬಂದ ಹಲಗೆಗೆ ಮೊದಲ ನೇರ ಅಂಚು ಕೊಡುವುದರಲ್ಲಿ ಮಾತ್ರ ಇದನ್ನು ಮೀರಿಸುವುದು ಕಷ್ಟ.

ಅಂಚು ಒರಟಾಯಿತೇ? ಯಂತ್ರ ಬಿಚ್ಚಬೇಡಿ, ಕೊಯ್ದ ಮುಖವನ್ನು ಬೆಳಕಿಗೆ ಓರೆಯಾಗಿ ಹಿಡಿದು ನೋಡಿ. ಏನಾಯಿತೆಂದು ಹಲಗೆಯೇ ಹೇಳುತ್ತದೆ.

ಕಪ್ಪಗೆ ಸುಟ್ಟ ಗುರುತಿದ್ದರೆ ಹಲ್ಲು ಮೊಂಡಾಗಿದೆ, ಅಂಟು ಮೆತ್ತಿದೆ, ಇಲ್ಲವೇ ತಳ್ಳುವ ಕೈ ತೀರಾ ನಿಧಾನ. ನಡುವೆ ಒಂದೇ ಕಡೆ ಸುಟ್ಟಿದ್ದರೆ ಕೈ ಅಲ್ಲಿ ತಡೆದಿದೆ, ಅಷ್ಟೆ. ಬ್ಲೇಡು ಕಳಚಿ ಸೋಪಿನ ನೀರಿನಲ್ಲಿ ನೆನೆಸಿ, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿ ಒಣಗಿಸಿದರೆ ‘ಸತ್ತುಹೋಯಿತು’ ಎಂದುಕೊಂಡ ಎಷ್ಟೋ ಬ್ಲೇಡು ಮತ್ತೆ ಬದುಕುತ್ತವೆ. ಖರ್ಚಿಲ್ಲದ ಈ ಮದ್ದನ್ನೇ ಮೊದಲು ಮಾಡಬೇಕು. (ಬ್ಲೇಡು ಮುಟ್ಟುವ ಮುನ್ನ ಪ್ಲಗ್ ಕಿತ್ತಿರಬೇಕು. ಸ್ವಿಚ್ ಆರಿಸಿದರೆ ಸಾಲದು.)

ಕಮಾನಿನಂಥ ಗೆರೆಗಳು ಎರಡು ದಿಕ್ಕಿಗೆ ಬಾಗಿ ಒಂದನ್ನೊಂದು ಕತ್ತರಿಸುತ್ತಿದ್ದರೆ ಬ್ಲೇಡಿನ ಹಿಂದಿನ ಹಲ್ಲುಗಳೂ ಮರವನ್ನು ಕೆರೆಯುತ್ತಿವೆ, ಅಂದರೆ ಬ್ಲೇಡು ಹಳಿಗೆ ಸರಿಯಾಗಿ ಹೊಂದಿಲ್ಲ. ಒಂದೇ ಅಂತರದಲ್ಲಿ ಅಲೆಅಲೆಯಾಗಿದ್ದರೆ ಬ್ಲೇಡು ಓಲಾಡುತ್ತಿದೆ. ಅದನ್ನು ಬಿಗಿಯುವ ಬಿಲ್ಲೆಯ ಕೆಳಗೆ ಚಿಟಿಕೆ ಹುಡಿ ಸೇರಿದ್ದರೂ ಸಾಕು. ಹಳಿಯ ಮೇಲೆ ಯಂತ್ರ ಪಕ್ಕಕ್ಕೆ ಅಲ್ಲಾಡುತ್ತದೆಯೇ ಎಂದೂ ನೋಡಬೇಕು. ಬಿಗಿ ಮಾಡುವ ತಿರುಪು ಅಡಿಭಾಗದಲ್ಲೇ ಇರುತ್ತದೆ.

ಚಕ್ಕೆ ಎದ್ದದ್ದು ಮೇಲ್ಮುಖದಲ್ಲಿ ಮಾತ್ರವೇ? ಈ ಗರಗಸದ ಹಲ್ಲುಗಳು ಕೆಳಗಿನಿಂದ ಮೇಲಕ್ಕೆ ಬರುತ್ತಾ ಕೊಯ್ಯುತ್ತವೆ, ನಾರನ್ನು ಮೇಲಕ್ಕೇ ಎತ್ತುತ್ತವೆ. ಹಳಿಯ ಅಂಚಿನ ರಬ್ಬರ್ ಪಟ್ಟಿ ಆ ನಾರನ್ನು ಅದುಮಿ ಹಿಡಿಯಬೇಕು. ಆ ಪಟ್ಟಿ ಹಳಿಯ ಬದಿಯ ತುಂಡನ್ನು ಮಾತ್ರ ಕಾಯುತ್ತದೆ, ಆಚೆಯದನ್ನಲ್ಲ. ಬೇಕಾದ ಹಲಗೆಯನ್ನು ಆಚೆ ಬಿಟ್ಟು ಕೊಯ್ದು ಯಂತ್ರವನ್ನು ಬೈಯುವ ವಿದ್ಯಾರ್ಥಿಗಳು ಕಡಿಮೆಯೇನಿಲ್ಲ! ಪಟ್ಟಿ ಸವೆದಿದ್ದರೆ ಹೊಸದು ಅಂಟಿಸಿ, ಅದೇ ಬ್ಲೇಡಿನಿಂದ ಒಮ್ಮೆ ಅಂಚು ಕೊಯ್ದುಕೊಳ್ಳಬೇಕು.

ಹಲ್ಲಿನ ಸಂಖ್ಯೆಯದೇ ಒಂದು ಅಧ್ಯಾಯ. ಯಂತ್ರದ ಜೊತೆ ಬಂದ 48 ಹಲ್ಲಿನ ಬ್ಲೇಡು ಪ್ಲೈವುಡ್ಡಿಗೆ, ಅಡ್ಡ ಕೊಯ್ತಕ್ಕೆ ಚೆನ್ನ. ಅದರಿಂದಲೇ ದಪ್ಪ ತೆಂಗಿನ ಹಲಗೆಯನ್ನು ಉದ್ದಕ್ಕೆ ಸೀಳಿದರೆ ಹಲ್ಲುಗಳ ನಡುವಿನ ಕಿರಿದಾದ ಸಂದಿಯಲ್ಲಿ ಹುಡಿ ತುಂಬಿ, ಬಿಸಿಯೇರಿ, ಸುಡುತ್ತದೆ. ಸೀಳಲು ಕಡಿಮೆ ಹಲ್ಲು, ಅಗಲ ಸಂದಿ ಬೇಕು: 12 ರಿಂದ 24ರವರೆಗೆ. ಅದೇ ಬ್ಲೇಡಿನಲ್ಲಿ ಅಡ್ಡ ಕೊಯ್ದರೆ ಮಾತ್ರ ಸಿಬಿರು ಖಚಿತ. ಎರಡು ಬ್ಲೇಡು ಇಟ್ಟುಕೊಳ್ಳುವುದು ದುಂದುಗಾರಿಕೆಯಲ್ಲ.

ಹಳ್ಳಿಯಲ್ಲಿ ಇನ್ನೊಂದು ಕಾರಣವೂ ಸೇರಿಕೊಳ್ಳುತ್ತದೆ. ಪಂಪ್‌ಸೆಟ್‌ಗಳು ಓಡುವ ಹೊತ್ತಿನಲ್ಲಿ ವೋಲ್ಟೇಜ್ ಇಳಿದು, ಉದ್ದನೆಯ ತೆಳು ವೈರಿನಲ್ಲಿ ಇನ್ನಷ್ಟು ಸೋರಿ, ಮೋಟಾರ್ ಮರದೊಳಗೆ ಏದುಸಿರು ಬಿಡುತ್ತದೆ. ವೇಗ ಇಳಿದ ಹಲ್ಲು ಕೊಯ್ಯುವುದಿಲ್ಲ, ಕೀಳುತ್ತದೆ.

ಒರಟು ಅಂಚು ಬರೀ ಅಂದಗೇಡಲ್ಲ. ಮೊಂಡು ಬ್ಲೇಡಿಗೆ ಜೋರಾಗಿ ತಳ್ಳಬೇಕು; ಜೋರಾಗಿ ತಳ್ಳಿದಾಗ, ಹಲಗೆಗೆ ಎರಡೂ ಬದಿ ಆಸರೆ ಇಲ್ಲದೆ ಅದು ಬ್ಲೇಡನ್ನು ಹಿಚುಕಿದಾಗ, ಯಂತ್ರ ಹಿಂದಕ್ಕೆ ಎಗರುತ್ತದೆ. ಆದ್ದರಿಂದ ಹಲಗೆಯ ಅಡಿಗೆ ಬೇಡದ ಪ್ಲೈ ಅಥವಾ ಥರ್ಮೋಕೋಲ್ ಹಾಸಿ, ಹಲ್ಲು ಹಲಗೆಯ ಕೆಳಗೆ ನಾಲ್ಕೈದು ಮಿಲಿಮೀಟರ್ ಮಾತ್ರ ಇಣುಕುವಂತೆ ಆಳ ಹೊಂದಿಸಬೇಕು. ಬ್ಲೇಡಿನ ಹಿಂದಿನ ಸೀಳುತಡೆಯನ್ನು ಕಳಚಿ ಬಿಸಾಡುವ ಚಟ ಕೆಲವರಿಗಿದೆ. ಮನೆಯಲ್ಲಿ ಹಿರಿಯರು ಮೊದಲು ನೋಡಬೇಕಾದದ್ದು ಅದನ್ನೇ. ಆಮೇಲೆ ಕನ್ನಡಕ, ಮೂಗಿಗೆ ಮಾಸ್ಕ್.

ಮುಂದಿನ ಮರ ಬಿದ್ದಾಗ ಬುಡದ ಭಾಗವನ್ನು ತಡಮಾಡದೆ ಸೀಳಿಸಿ, ಹೊರ ಅಂಚಿನ ಹಲಗೆಗಳನ್ನು ಬೇರೆ ಮಾಡಿ, ನಡುನಡುವೆ ಕಡ್ಡಿ ಇಟ್ಟು ನೆರಳಿನಲ್ಲಿ ಪೇರಿಸಬೇಕು. ತೆಂಗಿನ ಕಾಂಡದಲ್ಲಿ ಸಕ್ಕರೆ, ಪಿಷ್ಟದ ಅಂಶವಿರುವುದರಿಂದ ಹಸಿಯಾಗಿ ಬಿಟ್ಟರೆ ಬೂಸ್ಟು ಹಿಡಿಯಲು ಹೆಚ್ಚು ದಿನ ಬೇಡ. ತಿರುಳಿನ ಹಲಗೆಗಳನ್ನು ಒಲೆಗೇ ಬಿಡಬಹುದು. ಅವುಗಳಲ್ಲಿ ಒಂದೆರಡನ್ನು ಮಾತ್ರ ಉಳಿಸಿಕೊಂಡರೆ ಕಲಿಯುವ ಮಕ್ಕಳ ಮೊದಲ ಕೊಯ್ತಗಳಿಗೆ ಆದಾವು.