ಬೆಟ್ಟ ತಲೆಕೆಳಗಾದರೆ ದೋಣಿ

ಉಚ್ಚಂಗಿದುರ್ಗದಿಂದ ಸಮುದ್ರ ನೂರೈವತ್ತು ಕಿಲೋಮೀಟರಿಗೂ ಹೆಚ್ಚು ದೂರ. ಹರಪನಹಳ್ಳಿ ತಾಲ್ಲೂಕಿನ ಪಶ್ಚಿಮದ ಅಂಚಿನಲ್ಲಿ ಹರಿಯುವ ತುಂಗಭದ್ರೆಗೂ ಹಳೆಯ ಕಾಲದಿಂದ ಒಗ್ಗಿದ್ದು ಬುಟ್ಟಿಯಂಥ ಹರಿಗೋಲೇ. ಆದರೂ ಮರದಲ್ಲಿ ಪುಟ್ಟ ದೋಣಿಯ ಒಡಲು ಕಡೆಯಲು ಹೊರಟ ಇಲ್ಲಿನ ವಿದ್ಯಾರ್ಥಿಗೆ ಒಂದು ಅನುಕೂಲವಿದೆ: ಎದುರಿಗೇ ನಿಂತ ದುರ್ಗದ ಬೆಟ್ಟ.

ಭೂಗೋಳದ ನಕ್ಷೆಯಲ್ಲಿ ಬೆಟ್ಟವನ್ನು ಸಮೋನ್ನತ ರೇಖೆಗಳಿಂದ ತೋರಿಸುತ್ತಾರೆ. ಬುಡದ ಗೆರೆ ದೊಡ್ಡದು, ಮೇಲೇರಿದಂತೆ ಚಿಕ್ಕದು. ಗೆರೆಗಳು ಒತ್ತಾಗಿದ್ದಲ್ಲಿ ಇಳಿಜಾರು ಕಡಿದು. ಈ ಬೆಟ್ಟವನ್ನು ಬೋರಲು ಹಾಕಿದರೆ ದೋಣಿಯ ಒಡಲಿನ ನಕ್ಷೆ ಸಿಕ್ಕಿತು.

ಬೂರುಗದಂಥ ಹಗುರ ಮರದ, ಗಂಟಿಲ್ಲದ, ಒಂದು ಸೆಂಟಿಮೀಟರ್ ದಪ್ಪದ ಐದು ಹಲಗೆ ಸಾಕು. ಉದ್ದ 30, ಅಗಲ 10 ಸೆಂಟಿಮೀಟರ್. ಕಾಗದವನ್ನು ಉದ್ದಕ್ಕೆ ಮಡಚಿ, ಅರ್ಧ ದೋಣಿಯ ಆಕಾರ ಬರೆದು ಕತ್ತರಿಸಿ ಬಿಡಿಸಿದರೆ ಎಡಬಲ ತಾವಾಗಿಯೇ ಸಮ. ಮೇಲಿನ ಹಲಗೆಗೆ ದೊಡ್ಡ ಆಕಾರ, ಕೆಳಕೆಳಗೆ ಚಿಕ್ಕದು. ಮೇಲಿನ ನಾಲ್ಕರ ನಡುಭಾಗವನ್ನು ಕೊಯ್ದು ತೆಗೆದು, ಐದನ್ನೂ ನೀರು ತಡೆಯುವ ಅಂಟಿನಿಂದ ಕೂಡಿಸಿ, ಒಂದು ರಾತ್ರಿ ಭಾರ ಹೇರಿಡಬೇಕು. ಬೆಳಿಗ್ಗೆ ಕೈಗೆ ಬರುವುದು ದೋಣಿಯಲ್ಲ, ಮೆಟ್ಟಿಲು! ಉಳಿ, ಅರ, ಮರಳು ಕಾಗದಗಳಿಂದ ಆ ಮೆಟ್ಟಿಲುಗಳನ್ನು ಕರಗಿಸುವುದೇ ನಿಜವಾದ ಕೆಲಸ. ಮೆಟ್ಟಿಲಿನ ಒಳಮೂಲೆ ಮಾಯವಾದ ಕೂಡಲೇ ಕೈ ನಿಲ್ಲಿಸಬೇಕು. ಅದನ್ನು ದಾಟಿದರೆ ಆಕಾರ ಕೆಟ್ಟಿತು. ಉಳಿಯ ಮುಂದೆ ಎಂದೂ ಬೆರಳಿಡಬಾರದು. ಈ ಹಂತದಲ್ಲಿ ಹಿರಿಯರೊಬ್ಬರು ಪಕ್ಕದಲ್ಲಿರಲಿ, ಆದರೆ ಉಳಿ ಮಗುವಿನ ಕೈಯಲ್ಲೇ ಇರಲಿ. ಅಪ್ಪ ಕೆತ್ತಿದ ದೋಣಿಯನ್ನು ಶಾಲೆಗೆ ಒಯ್ಯುವುದರಲ್ಲಿ ಏನಿದೆ?

ಒಳಹೊರಗೆ ಬಣ್ಣ ಬಳಿದು ಒಣಗಿಸಿದ ಮೇಲೆ ಲೆಕ್ಕ. ಮೂರು ಸೆಂಟಿಮೀಟರ್ ಮುಳುಗಿದರೆ 30x10x3, ಅಂದರೆ 900 ಘನ ಸೆಂಟಿಮೀಟರ್. ಮೂತಿ, ಬದಿಗಳ ಓರೆಯಿಂದ ಅದರ ಅರ್ಧವಷ್ಟೇ ಉಳಿಯಿತೆನ್ನಿ: ಪಕ್ಕಕ್ಕೆ ಸರಿದ ನೀರು 450 ಗ್ರಾಂ. ದೋಣಿಯ ತೂಕವೇ 250 ಆದರೆ ಹೊರಬಲ್ಲದ್ದು 200 ಗ್ರಾಂ. ಆರ್ಕಿಮಿಡೀಸನ ಸೂತ್ರವನ್ನು ಬಾಯಿಪಾಠ ಮಾಡಿದವರೂ ಬಕೆಟ್ಟಿನ ಮುಂದೆ ಕೂತು ಇದನ್ನು ತಾಳೆ ನೋಡುವುದು ಅಪರೂಪ.

ತೇಲಿದರೆ ಸಾಲದು, ನೆಟ್ಟಗೆ ನಿಲ್ಲಬೇಕು. ಕಲ್ಲುಗಳನ್ನು ಒಡಲಿನ ತಳದಲ್ಲಿಟ್ಟು ದೋಣಿಯನ್ನು ಮೆಲ್ಲಗೆ ವಾಲಿಸಿ: ಆಳಕ್ಕಿಳಿದ ಬದಿಯನ್ನು ನೀರು ಹೆಚ್ಚು ಎತ್ತುತ್ತದೆ, ದೋಣಿ ಮರಳಿ ನೇರವಾಗುತ್ತದೆ. ಅದೇ ಕಲ್ಲುಗಳನ್ನು ಬೆಂಕಿಪೊಟ್ಟಣಗಳ ಗೋಪುರದ ಮೇಲಿಟ್ಟರೆ ಮಗುಚಬಹುದು. ತೂಕ ಹೆಚ್ಚಲಿಲ್ಲ, ಗುರುತ್ವ ಕೇಂದ್ರ ಮೇಲೇರಿತು, ಅಷ್ಟೆ.

ಸ್ವೀಡನ್ನಿನ 'ವಾಸಾ' ಯುದ್ಧನೌಕೆಗೆ ಆದದ್ದೂ ಇದೇ. ನಾವಿಕರನ್ನು ಅಟ್ಟದ ಮೇಲೆ ಅತ್ತಿಂದಿತ್ತ ಓಡಿಸಿ ಪರೀಕ್ಷಿಸಿದಾಗಲೇ ಅದು ಭಯಂಕರವಾಗಿ ತೂಗಾಡಿತ್ತು. ಆದರೂ 1628ರ ಆಗಸ್ಟ್ 10ರಂದು ಹೊರಡಿಸಿದರು. ಸುಮಾರು 1300 ಮೀಟರ್ ಸಾಗುವಷ್ಟರಲ್ಲಿ ಗಾಳಿಗೆ ವಾಲಿ, ತೋಪಿನ ಕಿಂಡಿಗಳಿಂದ ನೀರು ನುಗ್ಗಿ ಮುಳುಗಿತು. 1961ರಲ್ಲಿ ಮೇಲೆತ್ತಿದ ಆ ಹಡಗು ಈಗ ಸ್ಟಾಕ್‌ಹೋಮಿನ ವಸ್ತುಸಂಗ್ರಹಾಲಯದಲ್ಲಿದೆ.

ಇನ್ನು ನಮ್ಮ ಹರಿಗೋಲು. ವಿಜಯನಗರಕ್ಕೆ 1520ರ ಸುಮಾರಿಗೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ಚರ್ಮ ಹೊದಿಸಿದ ಈ ದುಂಡು ಬುಟ್ಟಿಗಳಲ್ಲಿ ಹದಿನೈದಿಪ್ಪತ್ತು ಜನ ನದಿ ದಾಟುತ್ತಿದ್ದುದನ್ನು ಬರೆದಿದ್ದಾನೆ. ಅಗಲ ತಳದಿಂದಾಗಿ ಅದು ಸುಲಭಕ್ಕೆ ಮಗುಚದು. ಆದರೆ ಮೂತಿಯಿಲ್ಲದ್ದರಿಂದ ಹುಟ್ಟು ಹಾಕಿದತ್ತ ಗಿರಕಿ ಹೊಡೆಯುತ್ತದೆ. ಅಲ್ಲೂ ಜನ ಎದ್ದು ನಿಂತರೆ ಗುರುತ್ವ ಕೇಂದ್ರ ಮೇಲೇರಿತು. ಅಂಬಿಗ 'ಕೂಡ್ರಿ, ಕೂಡ್ರಿ' ಎಂದು ಗದರುವುದು ಅದಕ್ಕೇ.

ಮಾದರಿಯ ಪರೀಕ್ಷೆ ಮನೆಯ ಟಬ್ಬಿನಲ್ಲೇ ಆಗಲಿ. ಹೊಂಡ, ಕೆರೆಗಳ ಅಂಚು ಬೇಡ. ಖಾಲಿ ದೋಣಿಯೇ ಒಂದು ಬದಿಗೆ ವಾಲಿ ನಿಂತರೆ ಆ ಬದಿಯ ಗೋಡೆ ದಪ್ಪಗಿರಬಹುದು. ಒಳಗಡೆಯಿಂದ ಇನ್ನಷ್ಟು ಕೆರೆದು ಮತ್ತೆ ತೇಲಿಬಿಟ್ಟು ನೋಡಬೇಕು.